ಚಹಾದ ಜೋಡಿ ಗುಳಗಿ

1983ರ ಫೆಬ್ರುವರಿಯಲ್ಲಿ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನನ್ನ ಅಣ್ಣನ ಸೈನಸ್ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು.

ಅಣ್ಣ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಕುಣಿಯೊಳಗೆ ಕಾಲು ಇಳಿಬಿಟ್ಟು, ಮಗ್ಗದ ಮೇಲೆ ಬಗ್ಗಿ ಕೂರುವ ಕೆಲಸ. ಕೆನ್ನೆಯ ಎಲುಬಿನೊಳಗೆ ಕೀವು ತುಂಬಿದ್ದರಿಂದ ಬಗ್ಗಿದರೆ ತಲೆ ಸಿಡಿಯುತ್ತಿತ್ತು. ದಿನಕ್ಕೆ ಒಂದು ಗೇಣೂ ನೇಯಲಾಗುತ್ತಿರಲಿಲ್ಲ. ತಿಂಗಳೊಳಗೆ ಗುಣವಾಗದಿದ್ದರೆ ಆ ಮಗ್ಗಕ್ಕೆ ಬೇರೆಯವರನ್ನು ಕೂರಿಸುವುದಾಗಿ ಮಾಲೀಕರು ಹೇಳಿದ್ದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಅಣ್ಣ ಬಂದು ದಾಖಲಾದ. ಜೊತೆಗೆ ಅತ್ತಿಗೆ, ನಾನು ಇದ್ದೆವು.

“ಏನರ ಔಷಧ ತಗೋತೀರೇನು?” ಡಾಕ್ಟರು ಕೇಳಿದರು.

“ಒಂದೂ ಇಲ್ರಿ ಸಾಹೇಬ್ರ,” ಎಂದ ಅಣ್ಣ.

ನರ್ಸ್ ಬೆರಳಿಗೆ ಸೂಜಿ ಚುಚ್ಚಿ, ರಕ್ತವನ್ನು ಒತ್ತುಕಾಗದಕ್ಕೆ ಹೀರಿಸುತ್ತ ಗಡಿಯಾರ ನೋಡುತ್ತಿದ್ದರು. ರಕ್ತ ನಿಲ್ಲಬೇಕಾದ ಹೊತ್ತಿಗೆ ನಿಲ್ಲಲಿಲ್ಲ. ಡಾಕ್ಟರು ಮತ್ತೆ ಅದನ್ನೇ ಕೇಳಿದರು. ಅಣ್ಣ ಮತ್ತೆ ಅದನ್ನೇ ಹೇಳಿದ. ಅಷ್ಟರಲ್ಲಿ ಚಹಾ ಬಂತು. ಅಣ್ಣ ಅಂಗಿಯ ಜೇಬಿನಿಂದ ಒಂದು ಗುಳಗಿ ತೆಗೆದು, ಡಾಕ್ಟರ ಎದುರಿಗೇ ಬಾಯಿಗೆ ಹಾಕಿಕೊಂಡು ಚಹಾ ಕುಡಿದ.

“ಅದೇನ್ರಿ?”

“ತಲಿನೋವಿನ ಗುಳಗಿರಿ. ಔಷಧ ಅಲ್ರಿ, ಚಹಾದಂಗಡ್ಯಾಗ ಸಿಗ್ತದ.”

“ಚಹಾ ಬಿಟ್ಟಾರು, ಗುಳಗಿ ಬಿಡಂಗಿಲ್ರಿ,” ಎಂದರು ಅತ್ತಿಗೆ. “ನಮ್ಮ ಓಣ್ಯಾಗ ಎಲ್ಲಾರದೂ ಹಿಂಗ.”

ಅದು ಆಸ್ಪಿರಿನ್. ಮಗ್ಗದ ಮನೆಗಳಲ್ಲಿ ಅದನ್ನು ಯಾರೂ ಔಷಧವೆಂದು ಎಣಿಸುತ್ತಿರಲಿಲ್ಲ.

“ಇದನ್ನ ತಗೊಂಡ್ರ ರಕ್ತ ಲಗೂನ ನಿಲ್ಲಂಗಿಲ್ಲ. ಎರಡು ವಾರ ಬಿಟ್ಟು ಬರ್ರಿ. ನೋವಿಗೆ ಬ್ಯಾರೆ ಗುಳಗಿ ಕೊಡ್ತೇನಿ.”

“ಇವತ್ತ ದಾಖಲಾಗೇನ್ರಿ, ನಾಳೆ ಮಾಡಿಬಿಡ್ರಿ. ಮಗ್ಗ ಹೋಗ್ತದ.”

“ಮಗ್ಗ ಹೋದ್ರ ಇನ್ನೊಂದು ಸಿಗ್ತದ. ನಾ ಕತ್ತರಿ ಹಾಕೂ ಜಾಗದ ಮಗ್ಗಲದಾಗ ನಿಮ್ಮ ಕಣ್ಣಿನ ಗುಡ್ಡಿ ಐತಿ. ರಕ್ತ ತುಂಬಿದ್ರ ನನಗ ಏನೂ ಕಾಣಂಗಿಲ್ಲ.”

ಅಣ್ಣ ಗುಳಗಿಯ ಪೊಟ್ಟಣವನ್ನು ಅತ್ತಿಗೆಯ ಕೈಗೆ ಕೊಟ್ಟ.

ಮಾರ್ಚಿನಲ್ಲಿ ಮತ್ತೆ ಹೋದಾಗ ಬೆರಳಿನ ರಕ್ತ ಸರಿಯಾದ ಹೊತ್ತಿಗೆ ನಿಂತಿತು. ಕತ್ತರಿ ಮುಟ್ಟಿಸುವ ಮೊದಲು ಅಡ್ರಿನಾಲಿನ್‌ನಲ್ಲಿ ತೋಯಿಸಿದ ಬಟ್ಟೆಯ ಪಟ್ಟಿಯನ್ನು ಮೂಗಿಗೆ ತುರುಕಿ ಕಾದರು. ಅದರಿಂದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ ಎಂದು ಡಾಕ್ಟರು ನನಗೆ ವಿವರಿಸಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು ರಕ್ತ ಹೋಗಲಿಲ್ಲ ಎಂದು ಆಮೇಲೆ ಹೇಳಿದರು. ಸಂಜೆ ಸ್ವಲ್ಪ ಜಿನುಗಿತು. ಒಂದು ಇಂಜೆಕ್ಷನ್ ಕೊಟ್ಟು, ತಲೆ ಎತ್ತರಿಸಿ ಮಲಗಿಸಿದರು. ನಿಂತಿತು.

ರಕ್ತ ಸೋರದಂತೆ ಕೊನೆಗೆ ಮೂಗಿನೊಳಗೆ ತುಂಬಿದ್ದ ಬಟ್ಟೆಯ ಪಟ್ಟಿಯನ್ನು ಮರುದಿನ ಎಳೆದು ತೆಗೆಯುವಾಗ ಅದು ಮುಗಿಯುವ ಹಾಗೆ ಕಾಣಲಿಲ್ಲ. ಅಣ್ಣನ ಕಣ್ಣಲ್ಲಿ ನೀರು ಬಂದಿತ್ತು. “ಇನ್ನಷ್ಟು ಇದ್ರ ಸೆರಗಿಗಿ ಸಾಲ್ತಿತ್ತು ನೋಡ್ರಿ,” ಎಂದ. ನರ್ಸ್ ನಕ್ಕು, ಅಲುಗಾಡಬೇಡಿ ಎಂದು ಗದರಿದರು.

ಇಳಕಲ್ಲಿಗೆ ಮರಳಿದಾಗ ಅವನ ಮಗ್ಗಕ್ಕೆ ಬೇರೆಯವರು ಕುಳಿತಿದ್ದರು. ಮಳೆಗಾಲದ ಹೊತ್ತಿಗೆ ಹಿಂದಿನ ಓಣಿಯಲ್ಲಿ ಇನ್ನೊಂದು ಮಗ್ಗ ಸಿಕ್ಕಿತು. 1989ರಲ್ಲಿ ನಾನು ಹೋದಾಗಲೂ ಅಣ್ಣ ಅಲ್ಲೇ ಬಗ್ಗಿ ಕುಳಿತು ನೇಯುತ್ತಿದ್ದ.