ಹಡೆಯದವಳ ಬಾಣಂತನ

ಕಳೆದ ಶ್ರಾವಣದಲ್ಲಿ ಒಂದು ಬುಧವಾರದ ಮುಂಜಾನೆಯನ್ನು ನಾನು ಪೂರ್ತಿಯಾಗಿ ಹಿಕ್ಕೆಯ ನಿರೀಕ್ಷೆಯಲ್ಲಿ ಕಳೆದೆ. ಮೆಟ್ರಿಕ್ ಫಲಿತಾಂಶಕ್ಕೆ ಕಾದವನು ನಾನು, ವರ್ಗಾವಣೆಯ ಆದೇಶಕ್ಕೆ ಕಾದವನು, ಹೆರಿಗೆ ಕೋಣೆಯ ಹೊರಗೆ ಎರಡು ಸಲ ಬೆಂಚಿನ ಮೇಲೆ ಕೂತು ಕಾದವನು. ಆದರೆ ಕಡಲೆಕಾಳಿನಷ್ಟು ಗಾತ್ರದ, ದುಂಡಗಿನ, ಹೆಚ್ಚು ವಾಸನೆಯೂ ಇಲ್ಲದ ಒಂದು ವಸ್ತುವಿಗಾಗಿ ಹೀಗೆ ಮೊಣಕಾಲೂರಿ, ಕನ್ನಡಕ ಏರಿಸಿ, ನೆಲ ನೋಡುತ್ತ ಕೂತದ್ದು ಅದೇ ಮೊದಲು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದವನಿಗೆ ಇದು ಬಡ್ತಿಯೋ ಹಿಂಬಡ್ತಿಯೋ ಎಂದು ಯೋಚಿಸಲೂ ಅಂದು ಪುರಸೊತ್ತಿರಲಿಲ್ಲ.

ನಮ್ಮದು ಶಿವಬಸವ ನಗರದಲ್ಲಿ ಒಂದು ಸಣ್ಣ ಮನೆ. ನಾನು, ಹೆಂಡತಿ ಕಮಲಾ, ಕಾಲೇಜಿಗೆ ಹೋಗುವ ಕಿರಿಯ ಮಗಳು ಸಹನಾ, ಮತ್ತು ಒಂದು ಮೊಲ. ಮೊಲವನ್ನು ತಂದವಳು ಸಹನಾ. ತಂದ ದಿನ “ಇದನ್ನ ನಾನ ನೋಡ್ಕೋತೀನಿ” ಎಂದವಳೂ ಅವಳೇ. ಆ ವಾಕ್ಯದ ಭವಿಷ್ಯತ್ಕಾಲ ಇನ್ನೂ ಭವಿಷ್ಯದಲ್ಲಿಯೇ ಇದೆ. ಅವಳು ಇಟ್ಟ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ನಮ್ಮ ಕಡೆ ಹಿರಿಯ ಮಗಳು ದೊಡ್ಡಾಕಿ, ಕಿರಿಯವಳು ಸಣ್ಣಾಕಿ. ದೊಡ್ಡಾಕಿ ಮದುವೆಯಾಗಿ ಧಾರವಾಡ ಸೇರಿದ್ದಾಳೆ. ಸಣ್ಣಾಕಿ ಎಂಬ ಪದವಿ ಹದಿನೆಂಟು ವರ್ಷ ಸಹನಾಳ ಹೆಸರಿನಲ್ಲಿತ್ತು. ಅವಳು ನನಗಿಂತ ಎರಡು ಬೆರಳು ಎತ್ತರವಾದ ಮೇಲೆ ಅದು ಅವಳಿಗೆ ಬಿಗಿಯಾಯಿತು. ಕಮಲಾ ಅದನ್ನು ಬಿಚ್ಚಿ ಮೊಲಕ್ಕೆ ತೊಡಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಸಣ್ಣಾಕಿ ಎಂದರೆ ಮೊಲ. ಈ ಅಧಿಕಾರ ಹಸ್ತಾಂತರದ ಸುತ್ತೋಲೆ ಖಾನಾಪುರಕ್ಕೆ ಹೋಗಿರಲಿಲ್ಲ. ಹೋಗಬೇಕಿತ್ತು.

ಖಾನಾಪುರದಲ್ಲಿ ಇರುವವಳು ನನ್ನ ಅಕ್ಕ ನೀಲವ್ವ, ನನಗಿಂತ ಏಳು ವರ್ಷ ದೊಡ್ಡವಳು. ಮನೆಯಲ್ಲಿ ಭಾವ ಇದ್ದಾರೆ, ಮೂರು ಎಮ್ಮೆಗಳಿವೆ. ನಮ್ಮ ಬಳಗದಲ್ಲಿ ಯಾರು ಹಡೆದರೂ ಅಕ್ಕನಿಗೆ ಕರೆ ಹೋಗುತ್ತದೆ. ಕಮಲಾಳ ಎರಡು ಬಾಣಂತನ, ದೊಡ್ಡಾಕಿಯ ಒಂದು, ಗುಂಜಿ ಊರಿನಲ್ಲಿರುವ ನಾದಿನಿಯ ಮೂರು, ಇನ್ನು ಭಾವನ ಕಡೆಯವರದ್ದು ನಾನು ಲೆಕ್ಕ ಇಟ್ಟಿಲ್ಲ. ಆಗದೆ ಉಳಿದದ್ದು ಅಕ್ಕನ ಬಾಣಂತನ ಒಂದೇ. ಅವಳಿಗೆ ಮಕ್ಕಳಾಗಲಿಲ್ಲ. ಈ ವಿಷಯವನ್ನು ನಮ್ಮ ಮನೆತನದಲ್ಲಿ ಯಾರೂ ಆಡುವುದಿಲ್ಲ. ಆಡದಿರುವುದನ್ನೇ ಮರ್ಯಾದೆ ಎಂದುಕೊಂಡಿದ್ದೇವೆ.

ಇನ್ನು ಮೊಲದ ಸಮಾಚಾರ. ಒಂದು ದಿನ ಸಣ್ಣಾಕಿ ಬಾಯಿತುಂಬ ಒಣಹುಲ್ಲು ಕಚ್ಚಿಕೊಂಡು, ಮೀಸೆ ಬೆಳೆಸಿದ ಫೌಜುದಾರನಂತೆ ಮನೆಯೆಲ್ಲ ಗಸ್ತು ತಿರುಗತೊಡಗಿತು. ನನ್ನ ಪುಸ್ತಕದ ಕಪಾಟಿನ ಕೆಳಗೆ ಹುಲ್ಲು ಒಟ್ಟಿತು. ಆಮೇಲೆ ತನ್ನದೇ ಹೊಟ್ಟೆಯ ಮೃದು ಕೂದಲನ್ನು ಬಾಯಿಂದ ಕಿತ್ತು ಕಿತ್ತು ಅದರ ಮೇಲೆ ಹಾಸಿತು. ಮರಿಗಳಿಗೆ ಹಾಸಿಗೆ! ಗಂಡು ಮೊಲದ ಮುಖವನ್ನೇ ನೋಡಿರದ ಪ್ರಾಣಿ ಇದು. ಡಾಕ್ಟರು ಅದನ್ನು ಸುಳ್ಳು ಬಸುರು ಎಂದರು. ಒಂದು ವರ್ಷದಲ್ಲಿ ಮೂರು ಸಲ ಹೀಗಾಯಿತು. ಪ್ರತಿಸಲವೂ ಗೂಡು ಸಿದ್ಧ, ಮರಿಗಳಿಲ್ಲ; ಎರಡು ದಿನ ಖಾಲಿ ಗೂಡಿನ ಮುಂದೆ ಕೂತು, ಮೂರನೆಯ ದಿನ ಎದ್ದು ಹೋಗುತ್ತಿತ್ತು. ಕಮಲಾ ಇದನ್ನು ನೋಡಲಾರದೆ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಹೀಗೇ ಬಿಟ್ಟರೆ ಹೆಣ್ಣು ಮೊಲಗಳಿಗೆ ಗರ್ಭಕೋಶದಲ್ಲಿ ಗಂಟಾಗುವುದು ಹೆಚ್ಚು, ಗರ್ಭಕೋಶವನ್ನೇ ತೆಗೆಸಿಬಿಡುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದಾಗ ನಾವು ಒಪ್ಪಿದೆವು.

ಇಲ್ಲಿ ಸ್ವಲ್ಪ ಶಾಸ್ತ್ರ. ನಮ್ಮ ಹಳೆಯ ತರ್ಕಪಂಡಿತರು ಜಗತ್ತಿನಲ್ಲಿ ಇಲ್ಲವೇ ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗ ಮೂರನ್ನು ಕೊಡುತ್ತಿದ್ದರು: ಆಕಾಶದ ಹೂವು, ಮೊಲದ ಕೊಂಬು, ಬಂಜೆಯ ಮಗ. ಆಪರೇಷನ್ ಆದ ಮೇಲೆ ನಮ್ಮ ಸಣ್ಣಾಕಿ ಮೂರರಲ್ಲಿ ಎರಡನ್ನು ಒಂದೇ ಮೈಯಲ್ಲಿ ನಿರ್ವಹಿಸುವಂತಾಯಿತು. ಈ ಪಂಡಿತರ ಬಗ್ಗೆ ನನಗೆ ಈಗೀಗ ಒಂದು ತಕರಾರಿದೆ. ಸುಮ್ಮನೆ ಹುಲ್ಲು ತಿನ್ನುತ್ತಿದ್ದ ಒಂದು ಪ್ರಾಣಿಯನ್ನೂ ಸುಮ್ಮನೆ ತನ್ನ ಪಾಡಿಗಿದ್ದ ಒಬ್ಬ ಹೆಣ್ಣುಮಗಳನ್ನೂ ಎಳೆದು ತಂದು ಉದಾಹರಣೆಗೆ ನಿಲ್ಲಿಸಿದ ಅವರ ಮನೆಯಲ್ಲಿ ನನ್ನ ಅಕ್ಕನಂಥವಳು ಇದ್ದಿರಲಾರಳು. ಇದ್ದಿದ್ದರೆ ಆಕಾಶದ ಹೂವೊಂದರಲ್ಲೇ ಮುಗಿಸುತ್ತಿದ್ದರು. ನನ್ನ ಮನೆಯಲ್ಲಿ ಇದ್ದಳು. ಆದರೂ ತರಗತಿಯಲ್ಲಿ ಮೂವತ್ತು ವರ್ಷ ಮೂರನ್ನೂ ಹೇಳಿ ಹುಡುಗರನ್ನು ನಗಿಸಿದೆ.

ಆಪರೇಷನ್ನಿಗೆ ಗೊತ್ತುಮಾಡಿದ ದಿನ ಮಂಗಳವಾರ. ಹಿಂದಿನ ದಿನ ಶ್ರಾವಣ ಸೋಮವಾರ, ನನಗೆ ಉಪವಾಸ. ಮನುಷ್ಯರ ಆಪರೇಷನ್ನಿಗೆ ಹಿಂದಿನ ದಿನದಿಂದ ಹೊಟ್ಟೆ ಖಾಲಿ ಇಡಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಇತರರಿಗಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು. ಮಧ್ಯಾಹ್ನವೇ ಸಣ್ಣಾಕಿಯ ಮುಂದಿನ ಹುಲ್ಲು, ಸೊಪ್ಪು ಎಲ್ಲ ಎತ್ತಿಟ್ಟೆ. ಕಮಲಾ ಬೇಡವೆಂದಳು. “ಹ್ಯಾಂಗೂ ಸೋಮವಾರ ಐತಿ, ಅದಕ್ಕೂ ಪುಣ್ಯ ಬರ್ತದ” ಎಂದೆ. ಸಂಜೆ ನಾನು ಪೂಜೆ ಮುಗಿಸಿ ಒಪ್ಪತ್ತಿನ ಊಟ ಮಾಡಿದೆ. ಸಣ್ಣಾಕಿ ಖಾಲಿ ಬುಟ್ಟಿಯನ್ನು ಮೂಸಿ ನನ್ನನ್ನು ನೋಡಿತು. ಅದನ್ನು ನಾನು ಭಕ್ತಿ ಎಂದು ಓದಿಕೊಂಡೆ.

ಮರುದಿನ ದವಾಖಾನೆಯಲ್ಲಿ ಈ ವ್ರತದ ವಿಷಯ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

“ಸರ್, ಮೊಲಕ್ಕ ವಾಂತಿ ಮಾಡಾಕ ಬರೂದಿಲ್ರೀ. ಅದನ್ನ ಉಪಾಸ ಇಡೂ ಕಾರಣನ ಇಲ್ಲ. ಅದರ ಹೊಟ್ಟಿ ಹಗಲು ರಾತ್ರಿ ನಡೀತಿರಬೇಕು. ಹೊಟ್ಟಿ ನಿಂತ್ರ ಮೊಲಾನೂ ನಿಂತಂಗ.”

ಎರಡು ತಾಸು ಅಲ್ಲೇ ಕೂರಿಸಿ ಹುಲ್ಲು ತಿನ್ನಿಸಿ, ಆಮೇಲೆ ಆಪರೇಷನ್ ಮಾಡಿದರು. ಸಂಜೆ ಮನೆಗೆ ಕಳಿಸುವಾಗ ಕಟ್ಟಳೆಗಳನ್ನು ಹೇಳಿದರು: ಬೆಚ್ಚಗಿಡಬೇಕು, ಗಾಳಿ ಬಡಿಯಬಾರದು, ಕತ್ತಲೆ ಮೂಲೆ ಇರಲಿ, ಮಂದಿ ಬಂದು ನೋಡುವುದು ಬೇಡ, ಹೊಲಿಗೆ ನೆಕ್ಕದಂತೆ ಹೊಟ್ಟೆಗೆ ಸುತ್ತಿದ ಬಟ್ಟೆ ಬಿಚ್ಚಬೇಡಿ, ನೋವಿನ ಔಷಧ ತಪ್ಪಿಸಬೇಡಿ, ಕೊಟ್ಟಿರುವ ಆಹಾರದ ಪುಡಿಯನ್ನು ನೀರಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಹಾಕಿ. ಕೊನೆಯ ಮಾತು ಮಾತ್ರ ನಿಧಾನಕ್ಕೆ ಹೇಳಿದರು. “ನಾಳೆ ಮಧ್ಯಾಹ್ನದೊಳಗ ತಾನ ತಿನ್ನಬೇಕು, ಹಿಕ್ಕಿ ಬೀಳಬೇಕ್ರಿ. ಬೀಳಲಿಲ್ಲಂದ್ರ ಕೂಡ್ಲೇ ಕರಕೊಂಡು ಬರ್ರಿ. ಆಮ್ಯಾಲ ನನ್ನ ಕೈಯಾಗೂ ಭಾಳ ಇರೂದಿಲ್ಲ.”

ಮನೆಗೆ ಬಂದಾಗ ಅಕ್ಕನ ಫೋನ್ ಬಂತು. ಹೊರಗೆ ಮಳೆ, ಖಾನಾಪುರದಲ್ಲಿ ಅದರ ಎರಡರಷ್ಟು ಮಳೆ. ನಾನು ಹೇಳಿದ್ದು ಇಷ್ಟೇ: “ಸಣ್ಣಾಕೀದು ಇವತ್ತ ಆಪರೇಷನ್ ಆತಕ್ಕ. ಹೊಟ್ಟಿ ಕೊಯ್ದಾರ. ಏನೂ ಬಾಯಾಗ ಇಡವಲ್ಲಳು.” ಆ ಕಡೆಯಿಂದ “ಏನಂದೀ?” ಎಂಬ ಕೂಗು ಕೇಳಿ ಫೋನು ಕಡಿದುಹೋಯಿತು; ಮತ್ತೆ ಹಚ್ಚಿದರೆ ಹತ್ತಲಿಲ್ಲ. ನಮ್ಮ ಸೀಮೆಯಲ್ಲಿ ಕಣ್ಣಿನ ಆಪರೇಷನ್ನಿಗೆ ಕಣ್ಣಿನ ಆಪರೇಷನ್ ಎನ್ನುತ್ತಾರೆ, ಮೂಲವ್ಯಾಧಿಯದಕ್ಕೆ ಮೂಲವ್ಯಾಧಿಯದು ಎನ್ನುತ್ತಾರೆ. ವಿಶೇಷಣವಿಲ್ಲದ ಬರೀ ‘ಆಪರೇಷನ್’ ಒಂದೇ ಇದೆ; ಅದು ಮಕ್ಕಳು ಸಾಕೆಂದ ಹೆಂಗಸರದು. ವಿಶೇಷಣದ ಮಹತ್ವವನ್ನು ಮೂವತ್ತು ವರ್ಷ ಬೋಧಿಸಿದವನು ಅದನ್ನು ಬಿಟ್ಟು ಮಾತಾಡಿದ್ದೆ.

ಬುಧವಾರ ಮುಂಜಾನೆ ಸಣ್ಣಾಕಿ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಸಿರಿಂಜಿನಿಂದ ಹಾಕಿದ್ದು ಅರ್ಧ ಒಳಗೆ, ಅರ್ಧ ನನ್ನ ಬನಿಯನ್ನಿಗೆ. ಹುಲ್ಲಿಗೆ ಮೂಗೂ ತಾಗಿಸಲಿಲ್ಲ. ನೆಲ ಸ್ವಚ್ಛವಾಗಿತ್ತು. ಅಷ್ಟು ಸ್ವಚ್ಛವಾದ ನೆಲ ನೋಡಿ ಅಷ್ಟು ಹೆದರಿದ್ದು ಅದೇ ಮೊದಲು. ಅದರ ಹೊಟ್ಟೆಯನ್ನು ಸೋಮವಾರವೇ ನಿಲ್ಲಿಸಿದವನು ನಾನು ಎಂಬುದನ್ನು ಕಮಲಾ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸುಲಭವಿತ್ತು.

ಎಂಟು ಗಂಟೆಗೆ ಬಾಗಿಲು ಬಡಿದ ಸದ್ದು. ಹಲ್ಲುಜ್ಜುತ್ತಿದ್ದ ಸಹನಾ ಬ್ರಷ್ ಬಾಯಲ್ಲಿಟ್ಟುಕೊಂಡೇ ಹೋಗಿ ತೆಗೆದಳು. ಹೊರಗೆ ಅಕ್ಕ. ಒಂದು ಕೈಯಲ್ಲಿ ತೊಯ್ದ ಕೊಡೆ, ಇನ್ನೊಂದರಲ್ಲಿ ದೊಡ್ಡ ಗಂಟು.

“ಅಯ್ಯ ನಮ್ಮವ್ವ, ಎದ್ದು ಯಾಕ ಬಂದೀ? ಹಸೀ ಮೈಯಿ! ಒಳಗ ನಡಿ, ಮಲಕೋ!”

“ಅತ್ತೀ, ನನಗೇನಾಗೇತಿ?”

“ಮುಚ್ಚಿಡಬ್ಯಾಡ. ನಿಮ್ಮಪ್ಪ ಎಲ್ಲಾ ಹೇಳ್ಯಾನ. ಎಲ್ಲಿ ಅದಾನ ಅಂವ?” ಎನ್ನುತ್ತ ಒಳಗೆ ಬಂದ ಅಕ್ಕ ನನ್ನನ್ನು ಕಂಡಳು. “ಲಗ್ನ ಆಗಲಾರದ ಹುಡುಗೀಗೆ ಆಪರೇಷನ್ ಮಾಡಿಸಿ, ಇಲ್ಲಿ ನೆಲಾ ನೋಡಕೋತ ಕುಂತೀಯೇನೋ?”

“ಅಕ್ಕಾ, ಸಣ್ಣಾಕಿ ಅಂದ್ರ ಮೊಲ” ಎಂದೆ.

“ಮೊಲ?”

“ಮೊಲ.”

“ಖರೇ?”

“ಖರೇ.”

ಅಕ್ಕ ಗಂಟು ಇಟ್ಟು ಕುರ್ಚಿಯ ಮೇಲೆ ಕೂತಳು. ಸಹನಾಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. “ಮಳ್ಯಾಗ ಅಂಟು ಹುರದು ಉಂಡಿ ಕಟ್ಟೀನಲ್ಲೋ, ಮೊದಲ ಹೇಳಾಕ ಏನ ಧಾಡಿ ಆಗಿತ್ತ ನಿನಗ?” ಎಂದಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಎಲ್ಲಿ ಐತಿ ಬಾಣಂತಿ?”

ಡಾಕ್ಟರ ಕಟ್ಟಳೆಗಳನ್ನು ನಾನು ಗಂಭೀರವಾಗಿ ಒಪ್ಪಿಸಿದೆ. ಬೆಚ್ಚಗಿಡಬೇಕು, ಗಾಳಿ ಬಡಿಯಬಾರದು, ಕತ್ತಲೆ ಕೋಣೆ, ಮಂದಿ ಬರಬಾರದು, ಹೊಟ್ಟೆ ಕಟ್ಟಬೇಕು. ಒಂದೊಂದಕ್ಕೂ ಅಕ್ಕ ತಲೆಯಾಡಿಸಿದಳು. “ಇದನ್ನ ಕಲಿಯಾಕ ಸಾಲಿಗೆ ಯಾಕ ಹೋಗಬೇಕಿತ್ತ ಆ ಡಾಕ್ಟರ ಹುಡುಗಿ? ಆದರೂ ಶಾಣ್ಯಾ ಅದಾಳ. ಕಿವಿ ಕಟ್ಟೂದೊಂದು ಮರತಾಳ ನೋಡು.” ಬಾಣಂತಿಯ ಕಿವಿಗೆ ಗಾಳಿ ಹೋಗದಂತೆ ಬಟ್ಟೆ ಕಟ್ಟುವುದು ಅವಳ ಶಾಸ್ತ್ರದ ಮೊದಲ ಸೂತ್ರ. ಗಂಟಿನಿಂದ ಉಣ್ಣೆಯ ಸ್ಕಾರ್ಫ್ ತೆಗೆದಳು, ಸಣ್ಣಾಕಿಯ ಕಿವಿಗಳನ್ನು ನೋಡಿದಳು, ಸ್ಕಾರ್ಫನ್ನು ನೋಡಿದಳು. ತನ್ನ ವೃತ್ತಿಜೀವನದಲ್ಲಿ ಅಂಥ ಕಿವಿಗಳನ್ನು ಅವಳು ಎದುರಿಸಿರಲಿಲ್ಲ. ಸದ್ದಿಲ್ಲದೆ ಸ್ಕಾರ್ಫನ್ನು ಮಡಿಚಿ ಮೊಲದ ಕೆಳಗೆ ಹಾಸಿದಳು. ಶೇಗಡಿಯಲ್ಲಿ ಕೆಂಡ ಮಾಡಿ ಲೋಬಾನದ ಹೊಗೆ ಹಾಕುವ ಪ್ರಸ್ತಾಪವನ್ನು ಮಾತ್ರ ಕಮಲಾ ಕೈಮುಗಿದು ತಡೆದು, ಬಿಸಿನೀರಿನ ಬಾಟಲಿಗೆ ಟವೆಲು ಸುತ್ತಿ ಕೊಟ್ಟಳು.

ಅಕ್ಕ ಮೊಲದ ಬದಿಗೆ ನೆಲದ ಮೇಲೆ ಕೂತು, ಎಮ್ಮೆಗೆ ಮಾಡುವಂತೆ, ಅದರ ಪಕ್ಕೆಗೆ ಕಿವಿ ಹಚ್ಚಿದಳು. “ಹೊಟ್ಟಿ ಮಾತಾಡವಲ್ತು” ಎಂದಳು. ಆಗ ನಾನು ಸೋಮವಾರದ ಸಂಗತಿ ಒಪ್ಪಿಕೊಂಡೆ. ಅಕ್ಕ ತಲೆಯೆತ್ತಲಿಲ್ಲ.

“ಸ್ವಾಮಾರ ನಿಂದು, ದೇವರು ನಿನ್ನಾಂವ. ಅದು ಹರಕಿ ಹೊತ್ತಿತ್ತೇನೋ? ಮೂಕ ಜೀವದ ಹೊಟ್ಟಿ ಕಟ್ಟಿ ನೀ ಪುಣ್ಯಾ ಗಳಸಾಂವ?”

ನಾನು ಬಾಟಲಿಯ ನೀರು ಆರಿದೆಯೇ ಎಂದು ಮುಟ್ಟಿ ನೋಡಿದೆ.

ಅಕ್ಕ ಗಂಟನ್ನು ಪೂರ್ತಿ ಬಿಚ್ಚಿದಳು. ಬಾಣಂತಿಯರಿಗೆ ಕೊಡುವ ಅಂಟಿನ ಉಂಡಿ, ಅಳ್ವಿ ಬೀಜ, ಒಣ ಶುಂಠಿ, ಮತ್ತು ಬಾಳೆಯೆಲೆಯಲ್ಲಿ ಸುತ್ತಿದ ಒಂದು ಕಟ್ಟು ಸಬ್ಬಸಿಗೆ ಸೊಪ್ಪು. ನಮ್ಮಲ್ಲಿ ಬಾಣಂತಿಗೆ ಸಬ್ಬಸಿಗೆ ಪಲ್ಯ ತಪ್ಪುವುದಿಲ್ಲ, ಹಾಲು ಇಳಿಯುತ್ತದೆಂದು. ಅಕ್ಕ ಎಲೆ ಬಿಚ್ಚಿದ್ದೇ ತಡ, ಕೋಣೆಯೆಲ್ಲ ಅದರ ಘಮ. ಸಣ್ಣಾಕಿಯ ಮೂಗು ಒಮ್ಮೆ ಅಲುಗಿತು. ಹಿಂದಿನ ಸಂಜೆಯಿಂದ ಅಲುಗದ ಮೂಗು!

ನಾನು ಡಾಕ್ಟರಿಗೆ ಫೋನ್ ಮಾಡಿ, ಸಬ್ಬಸಿಗೆ ನಡೆಯುತ್ತದೆಯೇ ಎಂದು ಕೇಳಿದೆ. “ನಡೀತದ್ರೀ, ಛಲೋನ ಅದ. ಯಾರ ಹೇಳಿದ್ರು ನಿಮಗ?” ಎಂದರು. ಹೇಳಿದವರ ವಿದ್ಯಾರ್ಹತೆಯನ್ನು ಫೋನಿನಲ್ಲಿ ವಿವರಿಸುವಂತಿರಲಿಲ್ಲ.

ಅಕ್ಕ ಒಂದು ಎಳೆ ಹಿಡಿದಳು. “ತಿನ್ನವ್ವ, ತಿನ್ನು. ಯಾರೂ ನೋಡವಲ್ರು” ಎಂದು ನಮ್ಮತ್ತ ಕಣ್ಣು ಬಿಟ್ಟಳು. ನಾವು ಮೂವರೂ ಗೋಡೆಯತ್ತ ತಿರುಗಿ ನಿಂತೆವು. ಗೋಡೆಯ ಮೇಲೆ ಹಳೆಯ ಕ್ಯಾಲೆಂಡರ್ ಇತ್ತು. ಅದರ ಹಬ್ಬಗಳನ್ನೆಲ್ಲ ಎರಡು ಸಲ ಓದಿದೆ. ಆಮೇಲೆ ಬೆನ್ನ ಹಿಂದೆ, ಒಣ ಎಲೆಯ ಮೇಲೆ ಇರುವೆ ನಡೆದಂಥ ಸಣ್ಣ ಸದ್ದು. ಕುರುಕುರು. ನಿಂತಿತು. ಮತ್ತೆ ಕುರುಕುರು. ಕಮಲಾ ನನ್ನ ಮೊಣಕೈ ಹಿಡಿದಳು.

ಹನ್ನೆರಡೂವರೆಗೆ, ಅಕ್ಕನ ತೊಡೆಯ ಮೇಲೆ, ಅವಳ ಇಳಕಲ್ ಸೀರೆಯ ಮೇಲೆ, ಮೊದಲನೆಯದು ಬಿತ್ತು. ಹಿಂದೆಯೇ ಎರಡು. ಅಕ್ಕ ಒಂದನ್ನು ಅಂಗೈ ಮೇಲೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬಂಗಾರ ಒರೆಗೆ ಹಚ್ಚುವವರೂ ಅಷ್ಟು ಲಕ್ಷ್ಯಕೊಟ್ಟು ನೋಡುವುದಿಲ್ಲ. “ಸಣ್ಣದೈತಿ. ಆದ್ರ ಆತು” ಎಂದಳು. ಸಹನಾ ಅತ್ತಳು. ನಾನು ಕನ್ನಡಕ ಒರೆಸಿಕೊಂಡೆ. ಮಳೆಗಾಲದಲ್ಲಿ ಅದು ಮಸುಕಾಗುವುದು ಸಹಜ. ಅಂಟಿನ ಉಂಡಿಗಳನ್ನು ಬಾಣಂತಿಯ ಪರವಾಗಿ ನಾನೇ ತಿಂದೆ.

ಹೊಲಿಗೆ ವಾಸಿಯಾಯಿತೆಂದು ಡಾಕ್ಟರು ಹೇಳುವವರೆಗೆ ಹತ್ತು ದಿನ ಅಕ್ಕ ಕದಲಲಿಲ್ಲ. ಭಾವ ಎಮ್ಮೆಗಳ ಹೆಸರು ಹೇಳಿ ಎರಡು ಸಲ ಫೋನ್ ಮಾಡಿದರು. “ಇಲ್ಲಿ ಬಾಣಂತನ ನಡದೈತಿ” ಎಂದು ಇಟ್ಟಳು. ಸಣ್ಣಾಕಿ ಆಮೇಲೆ ಗೂಡು ಕಟ್ಟಲಿಲ್ಲ, ಕೂದಲು ಕಿತ್ತುಕೊಳ್ಳಲಿಲ್ಲ. ಈಗ ಹೊಟ್ಟೆತುಂಬ ತಿಂದು, ಕಾಲು ಚಾಚಿ, ನನ್ನ ಕಪಾಟಿನ ಕೆಳಗೆ ಮಲಗುತ್ತದೆ.

ಖಾನಾಪುರಕ್ಕೆ ಮರಳಿದ ಮೇಲೆ ಅಕ್ಕ ದಿನಾ ಸಂಜೆ ಫೋನ್ ಮಾಡತೊಡಗಿದಳು. ಸಣ್ಣಾಕಿ ಏನು ತಿಂದಳು, ಹೊಟ್ಟೆ ನೆಟ್ಟಗಿದೆಯೇ, ಎಷ್ಟು ಬಿತ್ತು, ಗಟ್ಟಿಯೋ ಮೆತ್ತಗೋ. ಒಂದು ದಿನ ಫೋನ್ ಎತ್ತಿದ ಸಹನಾ ಮುನಿಸಿಕೊಂಡಳು. “ಅತ್ತೀ, ವಾರಾತು ನನಗ ನೆಗಡಿ ಆಗಿ. ನನ್ನ ಒಮ್ಮೆರ ಕೇಳೀಯೇನ?”

“ನಿನ್ನ ಯಾಕ ಕೇಳಲೇ? ನೀ ಬಾಯಿ ಇದ್ದಾಕಿ. ಬ್ಯಾನಿ ಆದ್ರ ಹೇಳ್ತೀ.”

ಸಹನಾ ನಕ್ಕು ಫೋನನ್ನು ನನ್ನ ಕೈಗೆ ಕೊಟ್ಟಳು. ಅಕ್ಕನಿಗೂ ಬಾಯಿ ಇದೆ; ಖಾನಾಪುರದ ಪೇಟೆಗೆಲ್ಲ ಕೇಳುವಷ್ಟು ಇದೆ. ಆ ಧೈರ್ಯದ ಮೇಲೆಯೇ ಇಷ್ಟು ವರ್ಷ ನಾನು ಅವಳನ್ನು ಏನೂ ಕೇಳಿರಲಿಲ್ಲ.

“ಅಕ್ಕಾ, ನೀ ಹ್ಯಾಂಗದೀ?” ಎಂದೆ.



“ಯಾಕೋ ತಮ್ಮಾ,” ಎಂದಳು, ದನಿ ಇಳಿಸಿ, “ನಿನಗ ಆರಾಮ ಇಲ್ಲೇನ?”

“ನನಗೇನಾಗಿಲ್ಲ. ನೀ ಹೇಳು.”

ಮೊದಲು ಎಡ ಮೊಣಕಾಲಿನ ನೋವಿನಿಂದ ಶುರುವಾಯಿತು. ಅರ್ಧ ತಾಸು ಮಾತಾಡಿದಳು. ನಡುವೆ ಒಲೆಯ ಮೇಲೆ ಹಾಲು ಉಕ್ಕಿತು. “ತಡಿ, ಇಡಬ್ಯಾಡ ಫೋನ” ಎಂದು ಹೋಗಿ, ಒರೆಸಿ ಬಂದು, ಬಿಟ್ಟಲ್ಲಿಂದ ಮುಂದುವರಿಸಿದಳು.