ಸೂಲಗಿತ್ತಿ ಹಿಲ್ಡಾಳ ಹೆಸರು

ಹಿಲ್ಡಾಳನ್ನು ಮೊದಲ ದಿನವೇ ಬೈದವಳು ನಾನು. "ಬಾಣಂತಿ ಕೋಣೆ ಕಿಟಕಿ ತೆಗೀತೀಯಲ್ಲ, ಬುದ್ಧಿ ಇದೆಯೇನೇ?" ಅಂದರೆ ಆಕೆ ನಕ್ಕು ಇನ್ನೊಂದು ಕಿಟಕಿಯನ್ನೂ ತೆಗೆದಳು. ನಮ್ಮ ಜಗಳವೆಲ್ಲ ಮುರುಕು ಹಿಂದಿಯಲ್ಲಿ. ಅವಳೂರಿನ ನ್ಗಾರಾ ಬಡಾವಣೆಯ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದಾಗ ಗುಜರಾತಿ ಹೆಂಗಸರಿಂದ ಕಲಿತದ್ದು ಅವಳದು, ದಾವಣಗೆರೆಯ ಬಟ್ಟೆ ಅಂಗಡಿಗಳಲ್ಲಿ ಕಲಿತದ್ದು ನನ್ನದು.

ಮಗಳು ಚಿತ್ರಾಳ ಬಾಣಂತನಕ್ಕೆಂದು ಎರಡು ಸಾವಿರದ ನಾಲ್ಕರಲ್ಲಿ ವಿಮಾನ ಹತ್ತಿ ಕಡಲಾಚೆ ಅದೇ ಊರಿನ ಕಿಲೆಲೆಶ್ವಾ ಬಡಾವಣೆಯ ಫ್ಲಾಟಿಗೆ ಬಂದಿದ್ದೆ. ಅಳಿಯ ಯೋಗೀಶ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ಹಿಲ್ಡಾ ಆ ದೇಶದ ಲುವೋ ಜನಾಂಗದವಳು, ವಿಧವೆ. ನಿವೃತ್ತಿಯಾದ ಮೇಲೂ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಮನೆಮನೆಗೆ ಹೋಗಿ ಎಳೆಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ, ಅವಳು ತಡಮಾಡಿದರೆ ನನಗೇ ಕಸಿವಿಸಿ!

ಚಿತ್ರಾಳ ಮೊದಲ ಎರಡು ಕೂಸುಗಳು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ತೀರಿಕೊಂಡಿದ್ದವು. ಈ ಮೂರನೆಯದು ಹೆಣ್ಣು, ಗಟ್ಟಿಮುಟ್ಟಾಗಿಯೇ ಇತ್ತು. ಆದರೆ ಚಿತ್ರಾ ಹೆಸರಿಡಲು ಒಪ್ಪಲಿಲ್ಲ. "ಹೆಸರಿಟ್ಟು ಕರೆದಿದ್ದೆಲ್ಲ ಹೋಯ್ತಮ್ಮ. ಇದನ್ನ ಕರೆಯೋದೇ ಬೇಡ" ಎನ್ನುವಳು. ಹಾಲೂಡಿಸುವಳು, ಮುಖ ನೋಡಳು.

ನಮ್ಮ ಕಡೆ ಇದಕ್ಕೆ ಮದ್ದುಂಟು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರು ಎತ್ತಿಕೊಂಡ ಮೇಲೆ ಅವರಿಂದ ಬೇಡಿ ತಂದು, ತಿಪ್ಪಮ್ಮ ಎಂದು ಕರೆಯುವುದು. ಯಾರಿಗೂ ಬೇಡದ ಕೂಸು ಯಮನಿಗೂ ಬೇಡ, ಅಷ್ಟೆ.

ಯೋಗೀಶ ಕೈಮುಗಿದ. "ಅತ್ತೆ, ಪ್ಲೀಸ್. ಇಲ್ಲಿ ಸ್ಕೂಲಲ್ಲಿ ತಿಪ್ಪಮ್ಮ ಅಂದ್ರೆ ಮಗು ನಮ್ಮನ್ನ ಸುಮ್ನೆ ಬಿಡುತ್ತಾ?"

"ಮೊದಲು ಸ್ಕೂಲಿಗೆ ಹೋಗೋವಷ್ಟು ಬದುಕಲಪ್ಪಾ!" ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿತ್ರಾ ಎದ್ದು ಒಳಗೆ ಹೋದಳು.

ಹಿಲ್ಡಾಗೆ ಎಲ್ಲ ಹೇಳಿದೆ, ನಗುತ್ತಾಳೆಂದುಕೊಂಡೆ. ಆಕೆ ಹೋಗಿ ಚಿತ್ರಾಳ ಎದುರು ಕೂತಳು.

"ನನ್ನಮ್ಮನೂ ನನ್ನನ್ನು ದಾರಿಬದಿಗೆ ಹಾಕಿದ್ದಳು. ನನಗಿಂತ ಮುಂಚಿನವರು ಯಾರೂ ಉಳಿದಿರಲಿಲ್ಲ. ಪಕ್ಕದ ಮನೆಯವಳು ಎತ್ತಿ ತಂದಳು. ಎಸೆದ ಕೂಸು ಅಂತ ಅರ್ಥ ಬರೋ ಹಾಗೆ ಅವಿಟಿ ಎಂದು ಹೆಸರಿಟ್ಟರು. ಮಿಷನ್ ಶಾಲೆಯ ಸಿಸ್ಟರ್ ಹಿಲ್ಡಾ ಅಂದರು. ಹಳೇ ಜರ್ಮನ್ ಜನರ ಮಾತಲ್ಲಿ ಅದು ಯುದ್ಧ."

"ಶಿವನೇ, ಹೆಣ್ಣುಕೂಸಿಗೆ ಯುದ್ಧ ಅಂತ ಹೆಸರಾ?" ನನಗೆ ತಡೆಯಲಾಗಲಿಲ್ಲ.

"ಅವರಲ್ಲಿ ಇಡುತ್ತಿದ್ದರಂತೆ. ಸಾವಿರ ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಹಿಲ್ಡಾ ಎಂಬ ಒಬ್ಬಳು ಸನ್ಯಾಸಿನಿಯಾಗಿ, ಗಂಡಸರೂ ಹೆಂಗಸರೂ ಇದ್ದ ಮಠವನ್ನು ಆಳಿದಳು. ಆಮೇಲೆ ಎಷ್ಟೋ ಕಾಲ ಆ ಹೆಸರು ಅಪರೂಪ. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಮತ್ತೆ ರೂಢಿಗೆ ಬಂದು, ಪಾದ್ರಿಗಳ ಜೊತೆ ಹಡಗಿನಲ್ಲಿ ನಮ್ಮೂರಿಗೂ ಬಂತು. ಅಮ್ಮ ಎಸೆದಳು, ಸಿಸ್ಟರ್ ಹೋರಾಡು ಅಂದರು. ನೋಡು, ಅರವತ್ತು ದಾಟಿದ್ದೇನೆ."

ನಾಳೆಯೇ ಶಾಸ್ತ್ರ ಮಾಡೋಣವೆಂದಾಗ ಚಿತ್ರಾ ಬೇಡ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಶಾಸ್ತ್ರಕ್ಕೆ ನಿಂತೆವು. ಫ್ಲಾಟಿನಲ್ಲಿ ತಿಪ್ಪೆ ಎಲ್ಲಿಂದ ತರುವುದು? ಬಾಗಿಲಾಚೆ ತರಕಾರಿ ಸಿಪ್ಪೆ ಹರಡಿ, ಬಟ್ಟೆ ಹಾಸಿ ಕೂಸನ್ನು ಮಲಗಿಸಿದೆ. ಹಿಲ್ಡಾ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಳು.

"ಕೂಸು ಸಿಕ್ಕಿತು. ಯಾರದು?"

ಚಿತ್ರಾ ಗೋಡೆ ನೋಡುತ್ತಿದ್ದಳು. ನಾನು ಬಾಯಿ ತೆರೆದರೆ ಹಿಲ್ಡಾ ಕಣ್ಣಲ್ಲೇ ಗದರಿಸಿದಳು.

"ಯಾರದೂ ಅಲ್ಲವಾ? ಹಾಗಾದರೆ ನಾನೇ ಸಾಕುತ್ತೇನೆ" ಎಂದು ಮೆಟ್ಟಿಲಿಳಿಯತೊಡಗಿದಳು. ಇದು ಶಾಸ್ತ್ರದಲ್ಲಿರಲಿಲ್ಲ! ಕೂಸು ಕಿರುಚಿತು.

ಚಿತ್ರಾ ಬರಿಗಾಲಲ್ಲಿ ಓಡಿದಳು. "ನಂದು! ನನ್ ಮಗಳು, ಕೊಡಿ!" ಕಸಿದುಕೊಂಡು ಮೆಟ್ಟಿಲ ಮೇಲೆಯೇ ಕುಸಿದಳು. ಮೊದಲ ಸಲ ಅದರ ಮುಖವನ್ನು ಕಣ್ತುಂಬ ನೋಡಿದಳು. ಕೂಸು ಮುಷ್ಟಿ ಕಟ್ಟಿ ಅರಚುತ್ತಲೇ ಇತ್ತು. ಸಮಾಧಾನ ಮಾಡಲು ನಾನು ಕೈ ಚಾಚಿದೆ.

"ಬೇಡಮ್ಮಾ" ಎಂದಳು ಚಿತ್ರಾ. ಕೂಸಿನ ಕಿವಿಗೆ ಬಾಯಿಟ್ಟು, ನಮ್ಮ ಪದ್ಧತಿಯಂತೆ ಮೂರು ಸಲ ಕರೆದಳು. "ಹಿಲ್ಡಾ. ಹಿಲ್ಡಾ. ಹಿಲ್ಡಾ. ಅಳು ಕಂದಾ, ಇನ್ನೂ ಜೋರಾಗಿ ಅಳು."