ಒದ್ದೆ ತೂಕ, ಒಣ ತೂಕ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಬೆವರು ಸುರಿಸುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅರ್ಧ ವಯಸ್ಸಿಗೆ, ಅರ್ಧ ಗಾತ್ರಕ್ಕೆ. ಒಗೆದ ಹಾಸಿಗೆಬಟ್ಟೆಯ ಗಂಟುಗಳನ್ನು ಹಿಂಡುವ ಯಂತ್ರಕ್ಕೆ ಎತ್ತಿಹಾಕುವುದು ಅವಳ ಕೆಲಸ. ಪ್ರತಿ ಗಂಟನ್ನೂ ಒದ್ದೆಯಿದ್ದಾಗ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗುತ್ತಾರೆ. ತೂಕ ಸಾಕಷ್ಟು ಇಳಿಯದಿದ್ದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಶನಿವಾರ ಕೆಲಸ ಮುಗಿದ ಮೇಲೆ ಹೆಂಗಸರೂ ಅದೇ ತೂಕದ ಯಂತ್ರವನ್ನು ಹತ್ತುತ್ತಿದ್ದರು. ಅಂಕಿ ಓದುವ ಮುದುಕನಿಗೆ ತಕ್ಕಡಿ ಮಾಮ ಎಂದು ಹೆಸರು.

ಮನೆಯಲ್ಲಿ ಅವಳು ಎತ್ತಬೇಕಾದ ಭಾರ ಬೇರೆ. ಲಿಫ್ಟ್ ರಿಪೇರಿ ಮಾಡುತ್ತಿದ್ದ ಗಂಡನಿಗೆ ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ತೂಕ ಎಪ್ಪತ್ತು ಕಿಲೋ. ದಿನಕ್ಕೆ ನಾಲ್ಕು ಸಲ ಅವನ ಕಂಕುಳಿಗೆ ಕೈಹಾಕಿ, ಎದೆಗೊತ್ತಿಕೊಂಡು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ಸಾಗಿಸುತ್ತಿದ್ದಳು.

"ಅತ್ತಿಗೆ, ಅಣ್ಣನ್ನ ಆರೈಕೆ ಮನೆಗೆ ಸೇರಿಸೋಣ. ನೀವೂ ಮನುಷ್ಯರೇ ಅಲ್ವಾ?" ಎಂದು ನಾದಿನಿ ಬಂದಾಗಲೆಲ್ಲ ಹೇಳುತ್ತಿದ್ದಳು.

"ನನ್ನ ಕೈಲಿ ಆಗೋವರೆಗೂ ಎಲ್ಲಿಗೂ ಕಳಿಸಲ್ಲ. ಆ ಮಾತು ಬಿಡು."

ಕೈ ಗಟ್ಟಿಯಿತ್ತು, ಮಂಡಿ ಕೈಕೊಟ್ಟಿತು. ಒಂದೊಂದು ಮೆಟ್ಟಿಲಿಗೂ ಪ್ರಾಣ ಬಾಯಿಗೆ ಬರುತ್ತಿತ್ತು. ಮೂಳೆ ಡಾಕ್ಟರು ಎಕ್ಸ್‌ರೇ ಚಿತ್ರ ನೋಡಿ, ಎರಡೂ ಮಂಡಿ ಬದಲಿಸಬೇಕು ಎಂದರು. ಆದರೆ ತೊಂಬತ್ತನಾಲ್ಕು ಕಿಲೋ ಇರುವವರಿಗೆ ಆಗದು. ಎಂಬತ್ತಕ್ಕೆ ಇಳಿಸಿ ಬನ್ನಿ.

ಪಕ್ಕದ ಕೋಣೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಅವಳ ತೊಡೆ ಒತ್ತಿ ನೋಡಿ ಬೇರೆಯೇ ಹೇಳಿದಳು. "ಯಜಮಾನ್ರನ್ನ ದಿನಾ ಎತ್ತೋರು ನೀವು. ಕೊಬ್ಬು ಆಮೇಲೆ ನೋಡೋಣ. ಮೊದಲು ತೊಡೆಗೆ, ಬೆನ್ನಿಗೆ ಬಲ ಬರಲಿ. ಊಟ ಬಿಟ್ಟು ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತೆ."

ದೊಡ್ಡಕ್ಕನಿಗೆ ನಗು ಬಂತು. "ಗಂಟಿನ ತೂಕ ಇಳೀತು ಅಂದ್ರೆ ನೀರು ಹೋಯ್ತು ಅಂತ ಲೆಕ್ಕ ಮೇಡಂ. ಬಟ್ಟೆ ಎಲ್ಲಿಗೆ ಹೋಗುತ್ತೆ?"

"ಮೈ ಬಟ್ಟೆ ಅಲ್ಲಮ್ಮ."

ಮೇಡಂ ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಪಟ್ಟಿಯನ್ನು ಅವಳು ಕಪಾಟಿನೊಳಗೆ ತುರುಕಿದಳು. ಬಲ ಬರಲು ಆರು ತಿಂಗಳು, ಆಮೇಲೆ ಕೊಬ್ಬು ಕರಗಲು ಇನ್ನೆಷ್ಟೋ. ಅಷ್ಟು ದಿನ ಮಂಡಿ ತಡೆಯಬೇಕಲ್ಲ. ದಿನಕ್ಕೆ ಒಂದೇ ಊಟ ಎಂದು ನಿರ್ಧರಿಸಿದಳು. ಅದೂ ಅರೆಹೊಟ್ಟೆ.

ತಿಂಗಳಿಗೆ ಎಂಬತ್ತೊಂಬತ್ತು. ಎರಡನೆಯ ತಿಂಗಳಿಗೆ ಎಂಬತ್ತೈದು. ಹೆಂಗಸರು ಚಪ್ಪಾಳೆ ತಟ್ಟಿದರು.

"ಹೀಗೇ ಹೋದ್ರೆ ನಿನ್ನ ಚಿಕ್ಕಕ್ಕ ಅನ್ಬೇಕಾಗುತ್ತೆ ಕಣೆ!"

ತಕ್ಕಡಿ ಮಾಮ ಮಾತ್ರ ನಗಲಿಲ್ಲ. "ಏನಮ್ಮ, ಒಂದೇ ಸಲ ಎತ್ತೋ ಗಂಟನ್ನ ಈಗ ಬಿಚ್ಚಿ ಎರಡು ಮಾಡ್ತಿದ್ದೀಯಲ್ಲ?"

"ಮಂಡಿ ನೋವು ಮಾಮ."

ಮಂಡಿ ನಿಜಕ್ಕೂ ತುಸು ಹಗುರಾಗಿತ್ತು. ಸೋಲುತ್ತಿದ್ದದ್ದು ತೋಳು. ಅದು ಅವಳಿಗೂ ಗೊತ್ತಿತ್ತು. ಹಸಿವಿನ ಸುಸ್ತು, ಎಂಬತ್ತು ಮುಟ್ಟಿದ ಮೇಲೆ ಸರಿಹೋಗುತ್ತದೆ ಎಂದುಕೊಂಡಳು.

ಗಂಡನಿಗೆ ಅದು ಮೈಗೇ ತಿಳಿಯಿತು. "ನಿನ್ನ ಕೈ ನಡುಗ್ತಿದೆ ಕಣೆ," ಎಂದ, ಒಂದೊಂದೇ ಅಕ್ಷರ ಎಳೆಯುತ್ತ.

"ಕೂತಲ್ಲೇ ತಿಂದು ದಪ್ಪ ಆಗಿದ್ದೀರಿ, ಅದಕ್ಕೆ," ಎಂದು ತಮಾಷೆ ಮಾಡಿದಳು. ಮರುದಿನದಿಂದ ಅವನು ತಟ್ಟೆಯಲ್ಲಿ ಅರ್ಧ ಬಿಡತೊಡಗಿದ. ಬೈದರೂ ಬಾಯಿ ತೆರೆಯಲಿಲ್ಲ.

ನಾಲ್ಕನೆಯ ತಿಂಗಳ ಕೊನೆಯ ಶನಿವಾರ ಅಂಕಿ ಎಂಬತ್ತೊಂದಕ್ಕೆ ನಿಂತಿತು. ಸೋಮವಾರ ಬೆಳಿಗ್ಗೆ ಎಂದಿನಂತೆ ಗಂಡನ ಕಂಕುಳಿಗೆ ಕೈಹಾಕಿ ಎತ್ತಿದಳು. ಮಂಚ ಬಿಟ್ಟಾಗಿತ್ತು, ಕುರ್ಚಿಗೆ ಇನ್ನೂ ಒಂದು ಹೆಜ್ಜೆ. ಆ ನಡುವೆ ತೋಳು ಸಡಿಲಿತು. ಹಿಡಿ ಎಂದು ಮನಸ್ಸು ಕೂಗಿಕೊಂಡಿತು, ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಇಬ್ಬರೂ ಕುಸಿದರು. ಅವನು ಕೆಳಗೆ, ಎಂಬತ್ತೊಂದು ಕಿಲೋ ಮೇಲೆ. ಒಣಕಡ್ಡಿ ಮುರಿದಂಥ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಸೊಂಟದ ಮೂಳೆ. ಅವನ ಹೃದಯ ಶಸ್ತ್ರಚಿಕಿತ್ಸೆ ತಾಳುವುದಿಲ್ಲ ಎಂದರು ಡಾಕ್ಟರು. ಇನ್ನು ಕುರ್ಚಿಯಿಲ್ಲ, ಮಲಗಿದಲ್ಲೇ. ಎರಡು ಗಂಟೆಗೊಮ್ಮೆ ಹೊರಳಿಸಲು ಇಬ್ಬರು ಬೇಕು. ಈ ಸಲ ನಾದಿನಿ ಹೇಳಬೇಕಾಗಲಿಲ್ಲ. ಆರೈಕೆ ಮನೆಗೆ ಫೋನ್ ಮಾಡಿದವಳು ದೊಡ್ಡಕ್ಕನೇ. ಅದೇ ವಾರ, ಒಂದು ಕಿಲೋ ಹೆಚ್ಚಿದ್ದರೂ ನಡೆಯುತ್ತದೆ ಎಂದು, ಮಂಡಿ ಬದಲಿಸುವ ದಿನ ನಿಗದಿಯಾಗಿ ಅವಳಿಗೆ ಚೀಟಿ ಬಂತು.

ಕರೆದೊಯ್ಯಲು ಇಬ್ಬರು ಗಟ್ಟಿಮುಟ್ಟಾದ ಗಂಡಸರು ಬಂದರು. ಒಬ್ಬ ಹೆಗಲ ಕಡೆ, ಇನ್ನೊಬ್ಬ ಕಾಲ ಕಡೆ ನಿಂತು, ಹಾಸಿಗೆಬಟ್ಟೆ ಸಮೇತ ಅವನನ್ನು ಸ್ಟ್ರೆಚರಿಗೆ ಸರಿಸಿ ಏದುಸಿರು ಬಿಟ್ಟರು.

"ಇಷ್ಟು ದಿನ ಇವರನ್ನ ಎತ್ತುತ್ತಿದ್ದೋರು ಯಾರಮ್ಮ?" ಎಂದ ಹಿರಿಯ.

"ನಾನೇ."

"ಜೊತೆಗೆ?"

"ಯಾರೂ ಇಲ್ಲ."

ಅವನು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. ನಂಬಿದಂತೆ ಕಾಣಲಿಲ್ಲ. ಅವಳ ರವಿಕೆಯ ತೋಳು ಜೋಲುತ್ತಿತ್ತು.

"ಅವಳೇ," ಎಂದ ಗಂಡ, ಮಲಗಿದಲ್ಲಿಂದ.

ಹಿರಿಯ ಬಗ್ಗಿ ಸ್ಟ್ರೆಚರಿನ ಬೆಲ್ಟು ಬಿಗಿದ.